ಜೋಳದೊಳಗೆ ತಪ್ಪಿಸಿದ ದಿಕ್ಕು

ನಮ್ಮ ಶಾಲೆಯಿಂದ ಇಬ್ಬರು ಶಿಕ್ಷಕಿಯರು ಮನಗೂಳಿ ಹತ್ತಿರದ ಶಿಬಿರಕ್ಕೆ ಹೋಗಿದ್ದೆವು. ಹುಡುಗಿಯರನ್ನು ಚಾರಣಕ್ಕೆ ಕರೆದೊಯ್ಯುವವರು ಮೊದಲು ತಾವು ನಕಾಶೆ, ದಿಕ್ಸೂಚಿ ಹಿಡಿದು ನಡೆಯಲು ಕಲಿಯಬೇಕಿತ್ತು. ಇಬ್ಬರಲ್ಲಿ ಒಬ್ಬರನ್ನು ಮಾತ್ರ ಮುಂದೆ ಹಿಮಾಲಯದ ಶಿಬಿರಕ್ಕೆ ಆರಿಸುತ್ತಾರೆಂದು ಹೋಗುವ ಮೊದಲೇ ಗೊತ್ತಿತ್ತು.

ನನ್ನ ಜೊತೆಗಿದ್ದವರು ಗಣಿತದ ಅಕ್ಕೋರು, ನನಗಿಂತ ಹದಿನಾಲ್ಕು ವರ್ಷ ಹಿರಿಯರು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಾಡಿಗೆ ಮನೆ ಹುಡುಕಿಕೊಟ್ಟವರು, ಎರಡು ತಿಂಗಳು ತಮ್ಮ ಡಬ್ಬಿಯ ರೊಟ್ಟಿಯಲ್ಲಿ ಪಾಲು ಕೊಟ್ಟವರು. ಅವರೇ ಒಮ್ಮೆ ಏಳನೆಯ ತರಗತಿಯ ಬಾಗಿಲಲ್ಲಿ ನಿಂತು, ನಾನು ಹಲಗೆಯ ಮೇಲೆ ಬರೆದಿದ್ದ ಕಾಗುಣಿತದ ತಪ್ಪನ್ನು ಮಕ್ಕಳೆದುರೇ ತಿದ್ದಿದ್ದರು. ಮಕ್ಕಳು ನಕ್ಕಿದ್ದರು. ರೊಟ್ಟಿ ನನಗೆ ಮರೆತುಹೋಗಿತ್ತು, ಆ ನಗು ಮರೆತಿರಲಿಲ್ಲ.

ಕಲಿಸುತ್ತಿದ್ದವರು ಸೈನ್ಯದಿಂದ ನಿವೃತ್ತರಾದ ಹವಾಲ್ದಾರರು. ಮೊದಲ ದಿನ ನಕಾಶೆಯನ್ನು ನೆಲಕ್ಕೆ ಹಾಸಿ ದಿಕ್ಸೂಚಿಯ ಮುಳ್ಳು ತೋರುವ ಉತ್ತರಕ್ಕೆ ಹೊಂದಿಸುವುದನ್ನು, ಹೆಜ್ಜೆ ಎಣಿಸಿ ದೂರ ಅಳೆಯುವುದನ್ನು ತೋರಿಸಿದರು. "ಕಬ್ಬಿಣ, ಮೊಬೈಲ್, ಚಾವಿ, ಯಾವುದೂ ಮುಳ್ಳಿನ ಹತ್ರ ತರಬ್ಯಾಡ್ರಿ. ಅದು ಸುಳ್ಳು ಹೇಳಾಕ ಸುರು ಮಾಡ್ತೈತಿ," ಎಂದು ಎಲ್ಲರ ಮೊಬೈಲ್ ತೆಗೆದಿಟ್ಟುಕೊಂಡರು.

ಮರುದಿನ ಮುಂಜಾನೆ ಜೋಡಿ ಜೋಡಿಯಾಗಿ ಬಿಟ್ಟರು. ಎರಡು ಕಿಲೋಮೀಟರ್ ಪಶ್ಚಿಮಕ್ಕೆ ನಡೆದು, ಬೇವಿನ ಮರದಡಿಯ ಹಾಳು ಬಾವಿ ಮುಟ್ಟಬೇಕು. ಹಿಂಗಾರಿ ಜೋಳ ತಲೆಯೆತ್ತರ ಬೆಳೆದಿತ್ತು. ಒಳಗೆ ಹೊಕ್ಕರೆ ಗರಿ ಬಿಟ್ಟು ಏನೂ ಕಾಣದು. ಇಬ್ಬನಿಗೆ ಸೀರೆ ನೆನೆದು ಕಾಲಿಗೆ ಅಂಟಿತು. ಅಕ್ಕೋರು ದಿಕ್ಸೂಚಿ ಹಿಡಿದು ಮುಂದೆ, ನಾನು ಹೆಜ್ಜೆ ಎಣಿಸುತ್ತ ಹಿಂದೆ.

ಅವರ ಕೊರಳಲ್ಲಿ ಕನ್ನಡಕದ ಸಣ್ಣ ಚೀಲ ನೇತಾಡುತ್ತಿತ್ತು. ನಕಾಶೆ ನೋಡಲು ಅದರ ಮುಚ್ಚಳ ತೆರೆದಾಗ ಮುಳ್ಳು ಗಕ್ಕನೆ ಹೊರಳಿದ್ದು ಕಂಡೆ. ಮುಚ್ಚಳದ ಗುಂಡಿಯಲ್ಲಿ ಆಯಸ್ಕಾಂತವಿತ್ತು. ದಿಕ್ಸೂಚಿಯನ್ನು ಅವರು ಅದಕ್ಕೆ ತಾಗಿಸಿಯೇ ಎದೆಯ ಹತ್ತಿರ ಹಿಡಿಯುತ್ತಿದ್ದರು. ಹೇಳಲು ಬಾಯಿ ತೆರೆದೆ. ಹೇಳಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವರೇ ನಿಂತರು. "ಬಿಸಲು ಬೆನ್ನಿಗೆ ಇರಬೇಕಿತ್ತಲ್ಲವಾ? ಎಡಗಲ್ಲಕ್ಕ ಬೀಳಾಕತ್ತೈತಿ."

"ಚಳಿಗಾಲದಾಗ ಸೂರ್ಯ ಓರೆ ಇರ್ತಾನ್ರಿ ಅಕ್ಕೋರ. ಮುಳ್ಳು ಹೇಳಿದಂಗ ನಡೀರಿ," ಎಂದೆ.

ನಡೆದರು. ನಾವು ನೈರುತ್ಯಕ್ಕೆ ಸರಿಯುತ್ತಿದ್ದುದು ನನಗೆ ಚೆನ್ನಾಗಿ ತಿಳಿದಿತ್ತು. ಎರಡು ತಾಸು ಅಲೆದು ಮುಟ್ಟಿದರೆ ಸಾಕು, ಎಲ್ಲರೆದುರು ಇವರ ಮುಖ ಹೇಗಾಗುತ್ತದೆ ನೋಡಬೇಕು ಎಂದಷ್ಟೇ ನನ್ನ ಆಸೆ. ಆದರೆ ನೀರಾರಿದ ಎರೆಭೂಮಿ ಗೇಣಗಲ ಬಿರಿದಿತ್ತು. ಮುಳ್ಳಿನ ಮೇಲೆ ಕಣ್ಣಿಟ್ಟಿದ್ದ ಅಕ್ಕೋರ ಬಲಗಾಲು ಒಂದು ಬಿರುಕಿನೊಳಗೆ ಇಳಿಯಿತು, ಮೈ ಮುಂದಕ್ಕೆ ಬಿತ್ತು. ಒಣಕಟ್ಟಿಗೆ ಮುರಿದಂಥ ಸದ್ದು ನನಗೂ ಕೇಳಿಸಿತು.

ಅವರು ಚೀರಲಿಲ್ಲ. ಸೆರಗನ್ನು ಹಲ್ಲಲ್ಲಿ ಕಚ್ಚಿ ಕೂತರು. "ಎಲ್ಲಿ ಅದೇವೋ ಏನೋ. ದಿಕ್ಕು ತಪ್ಪೀನಿ. ನನ್ನ ಬಿಟ್ಟು ದೂರ ಹೋಗಬ್ಯಾಡವಾ, ನೀನೂ ತಪ್ಪಿಸಿಕೊಂಡೀ," ಎಂದರು.

ಅವರ ಕೈಯಿಂದ ದಿಕ್ಸೂಚಿ ತೆಗೆದುಕೊಂಡು ನೆಟ್ಟಗೆ ಉತ್ತರಕ್ಕೆ ನಡೆದೆ. ಬಂಡಿಹಾದಿ ಸಿಕ್ಕಿತು, ಅದರ ತುದಿಗೆ ಬೇವಿನ ಮರ. ಅರ್ಧ ತಾಸೂ ಹಿಡಿಯಲಿಲ್ಲ. ಅಲ್ಲಿ ಕಾಯುತ್ತಿದ್ದ ಹವಾಲ್ದಾರರನ್ನೂ ಇನ್ನಿಬ್ಬರನ್ನೂ ಕರೆದುಕೊಂಡು, ಬಂದ ಹೆಜ್ಜೆ ಎಣಿಸುತ್ತ ಅದೇ ಸಾಲಿಗೆ ಮರಳಿದೆ.

"ಇಷ್ಟು ಜೋಳದಾಗ ಹೋಗಿ ಬರೋಬ್ಬರಿ ಅದ ಜಾಗಾಕ್ಕ ಬಂದ್ರಲ್ರಿ. ನಕಾಶಿ ಕಲಿಯೂದಂದ್ರ ಇದು," ಎಂದು ಹವಾಲ್ದಾರರು ಅಕ್ಕೋರ ಮುಂದೆಯೇ ಹೊಗಳಿದರು.

ಕಂಬಳಿಯ ಮೇಲೆ ಎತ್ತುವಾಗ ಅಕ್ಕೋರು ನನ್ನ ಮಣಿಕಟ್ಟು ಹಿಡಿದರು. "ನಿನಗ ಹಾದಿ ಗೊತ್ತಿತ್ತು," ಎಂದರು, ಮೆಲ್ಲಗೆ.

"ಇಲ್ರಿ ಅಕ್ಕೋರ. ದೇವರ ದಯಾ."

ಕೈ ಬಿಟ್ಟರು.

ಬಾಗೇವಾಡಿಯ ದವಾಖಾನೆಯಲ್ಲಿ ಅವರ ಯಜಮಾನರು ನನಗೆ ಕೈ ಮುಗಿದು, "ನೀವು ಇದ್ದದ್ದಕ್ಕ ಆತ್ರಿ," ಎಂದರು. ಅಕ್ಕೋರು ಗೋಡೆಯ ಕಡೆ ಮುಖ ತಿರುಗಿಸಿದರು. ಅವರು ಗಂಡನಿಗಾಗಲಿ, ಶಾಲೆಯಲ್ಲಾಗಲಿ ಏನೂ ಹೇಳಲಿಲ್ಲ. ಹೇಳಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆನೇನೋ. ಹಿಮಾಲಯಕ್ಕೆ ನಾನು ಹೋದೆ. ಹಿಮ ನೋಡಿದೆ, ಫೋಟೊ ತೆಗೆಸಿಕೊಂಡೆ, ನಿದ್ದೆಯೂ ಚೆನ್ನಾಗಿಯೇ ಬಂತು.

ಎಲುಬು ಸೊಟ್ಟಗೆ ಕೂಡಿತು. ಆರು ತಿಂಗಳ ಮೇಲೆ ಅಕ್ಕೋರು ತಾವಾಗಿಯೇ ಸಿಂದಗಿ ತಾಲೂಕಿಗೆ ವರ್ಗ ಕೇಳಿ ಪಡೆದರು. ಬೀಳ್ಕೊಡುಗೆಯ ದಿನ, ಅವರಿಗೆ ಹತ್ತಿರದವಳೆಂದು ಮುಖ್ಯಗುರುಗಳು ನನಗೇ ಮೊದಲು ಮಾತಾಡಲು ಹೇಳಿದರು. ಬಾಡಿಗೆ ಮನೆ, ಡಬ್ಬಿಯ ರೊಟ್ಟಿ, ಅವರ ತಾಳ್ಮೆ, ಎಲ್ಲ ಹೇಳಿದೆ. ಎರಡು ಸಲ ಕಣ್ಣೂ ಒರೆಸಿಕೊಂಡೆ. ಮುಗಿದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಬಲಗಾಲನ್ನು ನೆಟ್ಟಗೆ ಚಾಚಿ ಕೂತಿದ್ದ ಅವರೂ ತಟ್ಟಿದರು.