ಬಾಂದುಕಲ್ಲಿನ ಆಚೆಯ ಮರ

ನಮ್ಮ ದರ್ಜಿಯಣ್ಣನ ತುಟಿಗಳ ನಡುವೆ ಸದಾ ಎರಡು ಗುಂಡಿಗಳು. ಅವನ್ನು ಕಚ್ಚಿಕೊಂಡೇ ಬಾಯಿಯ ಒಂದು ಮೂಲೆಯಿಂದ ಮಾತಾಡುತ್ತಿದ್ದರು. ಚನ್ನರಾಯಪಟ್ಟಣದ ಪೇಟೆ ಬೀದಿಯಲ್ಲಿ ಅವರ ಅಂಗಡಿ. ಖಾದಿ ಬಿಟ್ಟು ಬೇರೆ ಬಟ್ಟೆ ಮುಟ್ಟುವುದಿಲ್ಲವೆಂದು ಹಠ ಹಿಡಿದ ಮೇಲೆ ಉಳಿದ ಗಿರಾಕಿ ನಾನೊಬ್ಬ. ಅದೂ ದೇಶಭಕ್ತಿಯಿಂದಲ್ಲ, ವಾರಕ್ಕೊಮ್ಮೆ ಷರಾಯಿ ಹರಿದುಕೊಳ್ಳುವವನನ್ನು ಬೇರೆ ದರ್ಜಿಗಳು ಒಳಗೆ ಬಿಡುತ್ತಿರಲಿಲ್ಲ.

ನಲವತ್ತೆರಡರ ಚಳವಳಿಯಲ್ಲಿ, ಸರ್ಕಾರಕ್ಕೆ ಹೆಂಡದ ಆದಾಯ ತಪ್ಪಿಸಲು ಈಚಲು ಮರ ಕಡಿಯುವುದೆಂದಾಯಿತು. ಸರ್ಕಾರಿ ಜಾಗದ ಮರ ಮಾತ್ರ ಕಡಿಯಬೇಕು. ಕಡಿದು ನಾವೇ ಠಾಣೆಗೆ ಹೋಗಿ ಒಪ್ಪಿಕೊಳ್ಳಬೇಕು. ಬಾಗೂರು ದಾರಿಯ ಹಳ್ಳದ ಬಳಿ ದರ್ಜಿಯಣ್ಣ ಒಂದು ಮರ ಕಡಿಯುತ್ತಿದ್ದರು. ಇಡೀ ಬ್ರಿಟಿಷ್ ಸಾಮ್ರಾಜ್ಯ ನನ್ನ ಏಟಿಗೇ ಕಾದಿದೆಯೆಂಬಂತೆ ನಾನು ಪಕ್ಕದ ಕಲ್ಲಿಗೆ ಕೊಡಲಿ ಮಸೆದು, ಆ ಕಲ್ಲನ್ನೇ ದಾಟಿ, ಆಚೆಯ ಮರ ಉರುಳಿಸಿದೆ. ಅದು ಪಟೇಲರ ಹೊಲದ ಬಾಂದುಕಲ್ಲು. ಗಡಿ ತೋರಿಸಲೆಂದೇ ನೆಟ್ಟದ್ದು.

ನಾವು ಠಾಣೆ ಸೇರುವ ಮೊದಲೇ ಪಟೇಲರ ದೂರು ಸೇರಿತ್ತು. ಯಾರ ಕೆಲಸವೆಂದು ದಫೇದಾರ ಕೇಳಿದ.

"ನಾನೇ ಸಾ," ಅಂದರು ದರ್ಜಿಯಣ್ಣ. "ಇವ್ನಿಗೆ ಕೊಡ್ಲಿ ಇಡಿಯಾಕೇ ಬರಾಕಿಲ್ಲ."

ನನಗೆ ಅವಮಾನವಾಯಿತು. ನನ್ನ ಕೈಚಳಕ ಸಾಬೀತು ಮಾಡಲು ಬಾಯಿ ತೆರೆದೆ. ಕಾಲು ತುಳಿದರು. ಸರ್ಕಾರಿ ಮರದ ಲೆಕ್ಕಕ್ಕೆ ನನ್ನನ್ನೂ ಸತ್ಯಾಗ್ರಹಿಯೆಂದು ಹಿಡಿದರು. ಇಬ್ಬರೂ ಹಾಸನದ ಜೈಲಿಗೆ ಹೋಗುವಾಗ ದರ್ಜಿಯಣ್ಣ ಪಿಸುಗುಟ್ಟಿದರು: "ಕಳ್ತನದ ಕೇಸು ಕಣ್ಲಾ, ಬ್ಯಾಗ ಬುಡಾಕಿಲ್ಲ. ನಿಮ್ಮವ್ವ ಒಬ್ಳೇ ಅವ್ಳೆ. ನಂಗ್ಯಾರವ್ರೆ?"

ಸತ್ಯಾಗ್ರಹಿಗಳನ್ನೆಲ್ಲ ಬಿಟ್ಟಾಗ ಅವರನ್ನು ಬಿಡಲಿಲ್ಲ. ಲೆಕ್ಕದಲ್ಲಿ ಅವರು ಕಳ್ಳ. ನನಗೆ ಹಾರ, ಮೆರವಣಿಗೆ. ನಿಜ ಹೇಳಲು ಎರಡು ಸಲ ಠಾಣೆಗೆ ಹೋದೆ. ಎರಡು ಸಲವೂ ಪೊಲೀಸರಿಗೆ ತಮಾಷೆ ಹೇಳಿ ನಗಿಸಿ ಬಂದೆ.

ಅವರು ಬಂದದ್ದು ಮರುವರ್ಷ, ಎದೆತುಂಬ ಕೆಮ್ಮು ಹೊತ್ತು. ಕಳ್ಳನಿಗೆ ಹೊಲಿಯಲು ಬಟ್ಟೆ ಕೊಡುವವರಿಲ್ಲ. ಮಲಗಿದಲ್ಲೇ ಒಂದು ದಿನ ಕೇಳಿದರು: "ಸ್ವರಾಜ್ಯ ಬಂದ್ರೆ ನನ್ನೆಸ್ರು ಸರಿ ಮಾಡ್ತಾರೇನ್ಲಾ?"

ಮೊದಲ ಕೆಲಸವೇ ಅದು ಅಂದೆ. ಅವರು ಗೋಡೆಯ ಕಡೆ ತಿರುಗಿ ಮಲಗಿದರು. ಆ ಚಳಿಗಾಲ ದಾಟಲಿಲ್ಲ.

ಸ್ವರಾಜ್ಯ ಬಂದ ದಿನ ಪೇಟೆಯಲ್ಲಿ ಚಪ್ಪರ ಹಾಕಿ, ಜೈಲಿಗೆ ಹೋದವರ ಹೆಸರು ಓದಿದರು. ನನ್ನದು ಮೂರನೆಯದು. ಅವರದು ಇರಲಿಲ್ಲ. ಎರಡು ಮಾತಾಡು ಅಂದರು, ಎದ್ದೆ. ನಾನು ಎದ್ದರೇ ತಮಾಷೆಯೆಂದು ಜನರ ಬಾಯಿ ನಗಲು ಅಗಲವಾಗುತ್ತದೆ.

"ಪಟೇಲರ ಮರ ಕಡಿದವನು ನಾನು" ಅಂದೆ.

ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತು.