ಹಿಂಬಾಗಿಲ ಹಲಗೆ

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಕೊಪ್ಪದ ಕಾಲೇಜಿನಲ್ಲಿ ನನ್ನ ಹತ್ತಿರ ಕೆಮಿಸ್ಟ್ರಿ ಕಲಿತವರೆಲ್ಲ ಹೇಳುತ್ತಾರೆ. ಸುಳ್ಳೇನಲ್ಲ. ಆದರೆ ಷಡಕ್ಷರಿಗೆ ಬೈದಷ್ಟು ನಾನು ಯಾರಿಗೂ ಬೈದಿಲ್ಲ. ಅವನು ಕೊಟ್ಟಷ್ಟು ಖುಷಿಯನ್ನು ನನಗೆ ಯಾವ ರ‍್ಯಾಂಕಿನವರೂ ಕೊಟ್ಟಿಲ್ಲ.

ಷಡಕ್ಷರಿ ನಮ್ಮೂರು ಬಸರೀಕಟ್ಟೆಯಿಂದ ಕೊಪ್ಪಕ್ಕೆ ಜೀಪು ಓಡಿಸುತ್ತಿದ್ದ. ನಾನು ದಿನಾ ಅದರಲ್ಲೇ ಕಾಲೇಜಿಗೆ ಹೋಗುವವಳು. ಅವನಿಗೆ ಆಗ ಇಪ್ಪತ್ತೊಂಬತ್ತು ವರ್ಷ. ಪಿಯುಸಿಯಲ್ಲಿ ಎಲ್ಲಾ ಪಾಸು, ಕೆಮಿಸ್ಟ್ರಿ ಒಂದು ಬಿಟ್ಟು. ಐದು ಸಲ ಕಟ್ಟಿದ್ದ, ಐದು ಸಲವೂ ಡುಮ್ಕಿ. ಪಾಸಾದರೆ ಡಿ. ಫಾರ್ಮಾ ಓದಿ ನಮ್ಮೂರಲ್ಲೇ ಮೆಡಿಕಲ್ ಶಾಪ್ ಇಡಬೇಕೆಂಬ ಆಸೆ ಅವನಿಗೆ. ಆಗ ಒಂದು ಜ್ವರದ ಮಾತ್ರೆಗೂ ನಾವು ಕೊಪ್ಪಕ್ಕೇ ಹೋಗಬೇಕಿತ್ತು. ಬೆಳಿಗ್ಗೆ ಜನ ಖಾಲಿ ಸ್ಟ್ರಿಪ್ ತಂದು ಅವನ ಕೈಗೆ ಕೊಡುವುದು, ಸಂಜೆ ಅವನು ಅದೇ ಮಾತ್ರೆ ತಂದು ಮುಟ್ಟಿಸುವುದು. 2005ರ ಮಾರ್ಚ್ ಪರೀಕ್ಷೆ ಹಳೇ ಸಿಲಬಸ್‌ನವರಿಗೆ ಕೊನೆಯದು. ಅದೂ ಹೋದರೆ ಆ ಆಸೆಯೂ ಹೋದಂತೆ.

ಹಾಗಾಗಿ ಮುಂದಿನ ಸೀಟಿನಲ್ಲಿ ಕೂತು ಪಾಠ ಹೇಳಲು ಶುರುಮಾಡಿದೆ. ಎಲೆಕ್ಟ್ರಾನುಗಳು ಯಾವ ಕ್ರಮದಲ್ಲಿ ತುಂಬುತ್ತವೆ ಎನ್ನುವಲ್ಲಿ ಅವನ ಗಾಡಿ ನಿಂತೇಬಿಟ್ಟಿತು. ಮೂರನೆಯ ಕವಚದ ಡಿ ಎಂಬ ಭಾಗದಲ್ಲಿ ಐದು ಕೋಣೆ ಖಾಲಿ ಇರುವಾಗಲೇ ಅದಕ್ಕಿಂತ ಹೊರಗಿನ ನಾಲ್ಕನೆಯ ಕವಚದ ಎಸ್ ಭಾಗ ತುಂಬುತ್ತದೆ ಎಂದರೆ ಅವನು ಒಪ್ಪಲಿಲ್ಲ. "ಒಳಗೆ ಜಾಗ ಇಟ್ಕೊಂಡು ಹೊರಗೆ ಎಂತಕ್ಕೆ ಕೂರ್ತಾರೆ ಮೇಡಂ?" ಎಂದು ಒಂದು ವಾರ ವಾದಿಸಿದ. ನಾನು ಒಂದು ವಾರ ಕೂಗಾಡಿದೆ.

ಎಂಟನೆಯ ದಿನ ಅವನು ಜನ ಹತ್ತಿಸುವುದನ್ನು ನೋಡುತ್ತಿದ್ದೆ. ಮೊದಲು ಬಂದವರು ಸೊಪ್ಪು ಮಾರುವ ಕರಿಯಕ್ಕ. ಒಳಗೆ ಮೂಟೆ ದಾಟಿ ಬಗ್ಗಿ ಹೋಗುವ ಕಷ್ಟ ಯಾರಿಗೆ ಬೇಕೆಂದು ಹಿಂಬಾಗಿಲ ಹಲಗೆ ಮೇಲೇ ಕೂತರು. ಅವರ ಪಕ್ಕ ಇನ್ನೊಬ್ಬರು. ಆ ಹಲಗೆ ತುಂಬಿದ ಮೇಲೇ ಉಳಿದವರು ಗೊಣಗುತ್ತಾ ಒಳಗೆ ಹೋದರು. ಅಲ್ಲಿ ಐದು ಜಾಗ. ಐದು ಜನ ಒಬ್ಬರಿಗೊಬ್ಬರು ತಾಗದ ಹಾಗೆ ಐದರಲ್ಲೂ ಕೂತರು. ಆರನೆಯವನು ಬಂದಾಗ ಷಡಕ್ಷರಿ ದಿನದ ಹಾಗೆ ಕೂಗಿದ: "ಒಬ್ರು ಮುಂದೆ, ಒಬ್ರು ಹಿಂದೆ!" ಒಬ್ಬ ಮುಂದೆ ಬಾಗಿದ, ಇನ್ನೊಬ್ಬ ಹಿಂದಕ್ಕೆ ಒರಗಿದ, ಒಂದೇ ಜಾಗದಲ್ಲಿ ಇಬ್ಬರೂ ಹಿಡಿದರು.

ನನಗೆ ಮೈಯೆಲ್ಲ ಜುಮ್ಮೆಂದಿತು. "ಷಡಕ್ಷರಿ, ನಿನ್ನ ಜೀಪಲ್ಲಿ ಕಬ್ಬಿಣ ಕೂತಿದೆ ಮಾರಾಯ!" ಎಂದೆ. ಕಬ್ಬಿಣಕ್ಕೆ ಇಪ್ಪತ್ತಾರು ಎಲೆಕ್ಟ್ರಾನು. ಹದಿನೆಂಟು ಮೊದಲೇ ತುಂಬಿರುತ್ತವೆ. ಉಳಿದ ಎಂಟರಲ್ಲಿ ಬಾಗಿಲಲ್ಲಿ, ಅಂದರೆ ಎಸ್‌ನಲ್ಲಿ, ಎರಡು; ಒಳಗೆ, ಅಂದರೆ ಡಿಯಲ್ಲಿ, ಆರು. ಆ ಆರರಲ್ಲಿ ನಾಲ್ಕು ಒಂಟಿ, ಒಂದು ಜೋಡಿ, ಜೋಡಿಯಲ್ಲಿ ಒಂದು ಹೀಗೆ, ಒಂದು ಹಾಗೆ. ಅವನು ಸ್ಟೇರಿಂಗ್ ಮೇಲೆ ಕೈ ಕುಟ್ಟಿ ನಕ್ಕ. ಏಳು ವರ್ಷದಿಂದ ತಾನೇ ತುಂಬಿಸುತ್ತಿದ್ದದ್ದನ್ನು ಪುಸ್ತಕದಲ್ಲಿ ಹುಡುಕುತ್ತಿದ್ದನಲ್ಲ!

ಪರೀಕ್ಷೆಗೆ ನಾಲ್ಕು ದಿನ ಇರುವಾಗ, ಜೀಪು ಹೊರಡುವ ಮೊದಲು, ಕಬ್ಬಿಣದಿಂದ ಎರಡು ಎಲೆಕ್ಟ್ರಾನು ತೆಗೆದು ಬರೆ ಎಂದೆ. ಕಡೆಗೆ ಹತ್ತಿದ್ದನ್ನೇ ಮೊದಲು ಇಳಿಸಬೇಕೆಂದುಕೊಂಡು ಡಿಯಿಂದ ಎರಡು ಹೊಡೆದು ಹಾಕಿದ. ನನ್ನ ಪಿತ್ತ ನೆತ್ತಿಗೇರಿತು. ಕೊಪ್ಪದ ಸ್ಟ್ಯಾಂಡಿನವರೆಗೂ ಬೈಯುತ್ತಲೇ ಬಂದೆ. ಅವನು ಮುಖ ಸಣ್ಣ ಮಾಡಿಕೊಂಡು ಇಳಿದು ಹಿಂಬಾಗಿಲು ತೆಗೆದ. ಕರಿಯಕ್ಕ ಬುಟ್ಟಿ ಸಮೇತ ಕೆಳಗಿಳಿದರು, ಹಿಂದೆಯೇ ಹಲಗೆಯ ಇನ್ನೊಬ್ಬರೂ. ಷಡಕ್ಷರಿ ಅಲ್ಲೇ ನಿಂತುಬಿಟ್ಟ.

"ಮೇಡಂ, ಮೊದ್ಲು ಹತ್ತಿದ್ದು ಕರಿಯಕ್ಕ. ಮೊದ್ಲು ಇಳಿದದ್ದೂ ಕರಿಯಕ್ಕನೇ!"

"ನಾನೆಂತ ಮಾಡ್ದೆ ಮಾರಾಯ?" ಎಂದರು ಕರಿಯಕ್ಕ, ಬುಟ್ಟಿ ತಬ್ಬಿಕೊಂಡು.

ಒಳಗೆ ಜನ ತುಂಬಿದ ಮೇಲೆ ಬಾಗಿಲಲ್ಲಿದ್ದವರೇ ಎಲ್ಲರಿಗಿಂತ ಹೊರಗಿನವರು, ಹೋಗುವಾಗ ಅವರೇ ಮೊದಲು. ಡಿಯ ಆರು ಆರಾಗಿಯೇ ಉಳಿಯುತ್ತವೆ. ಇಷ್ಟನ್ನು ಅವನೇ ನನಗೆ, ನಡು ಸ್ಟ್ಯಾಂಡಿನಲ್ಲಿ, ಕೈ ಬೀಸಿ ಬೀಸಿ ಹೇಳಿದ. ಇಪ್ಪತ್ತು ವರ್ಷ ಪಾಠ ಮಾಡಿದ ನನಗೂ ಅಷ್ಟು ಚೆನ್ನಾಗಿ ಹೇಳಲು ಬಂದಿರಲಿಲ್ಲ.

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಿತ್ತು. ಫಲಿತಾಂಶದ ದಿನ ನೋಟಿಸ್ ಬೋರ್ಡಿನ ಎದುರು ಅವನಿಗಿಂತ ನನ್ನ ಎದೆಯೇ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ನಲವತ್ತಮೂರು! ಪಾಸು! ಸಿಟ್ಟಿನ ಮೇಡಂ ಅಳುವುದನ್ನು ಕಾಲೇಜು ಅವತ್ತೇ ನೋಡಿದ್ದು.

ಮಾರನೇ ಬೆಳಿಗ್ಗೆ ಜೀಪು ಹೊರಡುವ ಮೊದಲು ಕರಿಯಕ್ಕ ಸೆರಗಿನ ಗಂಟು ಬಿಚ್ಚಿ ಬಿಪಿ ಮಾತ್ರೆಯ ಖಾಲಿ ಸ್ಟ್ರಿಪ್ ತೆಗೆದರು. ಕೊಡಲು ಹೋದವರು ಕೈ ಹಿಂದೆ ತೆಗೆದುಕೊಂಡರು.

"ಇನ್ನು ಇಲ್ಲೇ ಸಿಗ್ತದಲ?"

"ಓದಿ ಮುಗಿಬೇಕಲ್ಲ ಕರಿಯಕ್ಕ. ಎರಡು ವರ್ಷ ತಡೀರಿ," ಎಂದು ಷಡಕ್ಷರಿ ಕೈ ಚಾಚಿದ.

ಅವರು ಸ್ಟ್ರಿಪ್ಪನ್ನು ಅವನ ಅಂಗೈ ಮೇಲಿಟ್ಟು, ಅವನ ಬೆರಳುಗಳನ್ನು ತಾವೇ ಮಡಚಿದರು. "ತಡೀತೀನಿ. ಅಂಗಡಿ ಬಾಗಿಲು ತೆಗೆದ ದಿನ ಮೊದ್ಲು ಹತ್ತೋದು ನಾನೇ," ಎಂದು ಹೋಗಿ ಹಲಗೆ ಮೇಲೆ ಕೂತರು.