ಒಣಗದ ಹಸಿರು

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಗುಂಡಿ ಅಕ್ಕ ಎಂದೇ ಕರೆಯುತ್ತಿದ್ದರು. ಕಾರ್ಖಾನೆಯಿಂದ ಮೂಟೆಗಟ್ಟಲೆ ಅಂಗಿ ತಂದು, ಮನೆಯಲ್ಲೇ ಕೂತು ಗುಂಡಿ ಹಾಕಿಕೊಡುವುದು ಹದಿನಾರು ವರ್ಷದಿಂದ ಅವಳ ಕೆಲಸ. ವಯಸ್ಸು ನಲವತ್ತೊಂದು. ಈಚೆಗೆ ಸೂಜಿಗೆ ದಾರ ಪೋಣಿಸಲು ಕಿಟಕಿಯ ಹತ್ತಿರ ಹೋಗಬೇಕಾಗುತ್ತಿತ್ತು. ಅಂಥ ಹೊತ್ತಿನಲ್ಲಿ ಊರಾಚೆಯ ಬ್ರೆಡ್ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ ಸಿಕ್ಕಿತು. ಹತ್ತು ದಿನ ಬಿಟ್ಟು ಸೋಮವಾರದಿಂದ ಬನ್ನಿ, ಬೆಳಿಗ್ಗೆ ಆರೂವರೆಗೆ ಗೇಟಿನೊಳಗಿರಬೇಕು ಎಂದರು. ಆ ಕಡೆಗೆ ಮೊದಲ ಬಸ್ಸು ಹೊರಡುವುದೇ ಏಳಕ್ಕೆ.

ಮನೆಯಲ್ಲಿ ಸೈಕಲ್ ಒಂದಿತ್ತು, ಗಂಡನದು. ಮೊದಲ ಸಂಬಳದಲ್ಲಿ ಕೊಂಡ ಹಸಿರು ಸೈಕಲ್. ಕೆಲಸಕ್ಕೆ ಕಂಪನಿಯ ವ್ಯಾನ್ ಬರತೊಡಗಿದ ಮೇಲೆ ಅದು ಹಜಾರದ ಮೂಲೆಯಲ್ಲಿ ಹಳೇ ಬೆಡ್‌ಶೀಟ್ ಹೊದ್ದು ನಿಂತಿತ್ತು. ಆದರೂ ಅವನು ವಾರಕ್ಕೊಮ್ಮೆ ಒರೆಸಿ, ಎಣ್ಣೆ ಬಿಟ್ಟು, ಬೆಲ್ ಬಾರಿಸಿ ನೋಡಿ ಮತ್ತೆ ಹೊದಿಸುತ್ತಿದ್ದ. ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಅವನು ಕೈ ಎತ್ತುವವನಲ್ಲ, ಕೂಗಾಡುವವನೂ ಅಲ್ಲ. ಸಿಟ್ಟು ಬಂದರೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದ. ಒಮ್ಮೆ ಅವಳ ಕೈಯಿಂದ ಅವನ ರೇಡಿಯೋ ಬಿದ್ದು ಒಡೆದಾಗ ಹನ್ನೊಂದು ದಿನ ಮಾತಿಲ್ಲ. ಆ ಹನ್ನೊಂದು ದಿನಕ್ಕಿಂತ ಎರಡೇಟು ತಿನ್ನುವುದೇ ಮೇಲು ಎಂದು ಅವಳಿಗೆ ಅನಿಸಿತ್ತು.

ಅವನು ಪೈಪ್‌ಲೈನ್ ಹಾಕುವ ಕೆಲಸಕ್ಕೆಂದು ಎಂಟು ದಿನ ಪರವೂರಿಗೆ ಹೋದ. ಮರುದಿನವೇ ಅವಳು ಅವನ ಹಳೇ ಪ್ಯಾಂಟು ತೊಟ್ಟು, ನಸುಕಿನಲ್ಲಿ ಶಾಲೆಯ ಮೈದಾನಕ್ಕೆ ಸೈಕಲ್ ತಳ್ಳಿಕೊಂಡು ಹೋದಳು. ಮೂರು ದಿನ ಸೀಟು ಹತ್ತಲಾಗದೆ ಒಂದು ಕಾಲು ನೆಲದಲ್ಲೇ ಇತ್ತು. ನಾಲ್ಕನೇ ದಿನ ಎರಡೂ ಕಾಲು ಪೆಡಲಿನ ಮೇಲೆ ನಿಂತವು. ಆರನೇ ದಿನ, ಶುಕ್ರವಾರ, ಧೈರ್ಯ ಮಾಡಿ ರಸ್ತೆಗೆ ಇಳಿದಳು. ಎದುರಿಗೆ ನೀರಿನ ಟ್ಯಾಂಕರ್ ಬಂತು. ಪಕ್ಕಕ್ಕೆ ಎಳೆದುಕೊಂಡ ಸೈಕಲ್ ಕಲ್ಲಿನ ಗೋಡೆಯನ್ನು ಕೆರೆದುಕೊಂಡೇ ಹೋಗಿ ಹೊಂಡಕ್ಕೆ ಬಿತ್ತು. ಅವಳ ಮಂಡಿ ತರಚಿತು. ಅದು ಬಟ್ಟೆಯ ಒಳಗಿನ ಗಾಯ, ಯಾರಿಗೂ ಕಾಣುವುದಿಲ್ಲ. ಆದರೆ ಸೈಕಲ್ಲಿನ ಮೇಲಿನ ದಂಡದಲ್ಲಿ ಒಂದು ಗೇಣುದ್ದ ಬಣ್ಣ ಕಿತ್ತುಹೋಗಿ ಕಬ್ಬಿಣ ಬೆಳ್ಳಗೆ ಹಲ್ಲು ಕಿರಿಯುತ್ತಿತ್ತು.

ಗಂಡ ಬರುವುದು ಭಾನುವಾರ ಸಂಜೆ. ಶನಿವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆರೆಯುತ್ತಲೇ ಹೋಗಿ ಹಸಿರು ಪೇಂಟಿನ ಚಿಕ್ಕ ಡಬ್ಬಿ, ಬ್ರಷ್ಷು, ಒಂದು ಹಾಳೆ ಸ್ಯಾಂಡ್ ಪೇಪರ್ ತಂದಳು. ಹಿತ್ತಲಲ್ಲಿ ಸೈಕಲ್ ಒರಗಿಸಿ ಗೀರಿನ ಮೇಲಷ್ಟೇ ಬಣ್ಣ ಬಳಿದಳು. ಒಂದು ಹೆಜ್ಜೆ ಹಿಂದೆ ಸರಿದು ನೋಡಿದಳು. ಡಬ್ಬಿಯ ಹಸಿರೇ ಬೇರೆ, ಸೈಕಲ್ಲಿನ ಹಸಿರೇ ಬೇರೆ. ಗೀರಿಗಿಂತ ತೇಪೆಯೇ ಎದ್ದು ಕಾಣುತ್ತಿತ್ತು.

"ಒರೆಸಿ ಬಿಡಮ್ಮ ಅದನ್ನ. ಹಂಗಲ್ಲ ಹಚ್ಚೋದು," ಎಂದಿತು ಒಂದು ದನಿ.

ಮಾವ. ಗಂಡನ ಅಪ್ಪ. ಬಲಗಣ್ಣಿನ ಪೊರೆ ತೆಗೆಸಿಕೊಂಡು, ಪಟ್ಟಿ ಕಟ್ಟಿಸಿಕೊಂಡು ಒಳಕೋಣೆಯಲ್ಲಿ ಮಲಗಿದ್ದರು. ಎಡಗಣ್ಣು ಮೊದಲೇ ಮಸುಕು. ಗೋಡೆ ಹಿಡಿದು ಹಿತ್ತಲ ಬಾಗಿಲ ತನಕ ಬಂದು ನಿಂತಿದ್ದರು. ಮೂವತ್ತು ವರ್ಷ ಬಸ್ ವರ್ಕ್‌ಶಾಪಿನಲ್ಲಿ ಪೇಂಟರ್ ಆಗಿದ್ದವರ ಮೂಗಿಗೆ ಯಾವ ಪಟ್ಟಿಯೂ ಇರಲಿಲ್ಲ. ಪ್ರೈಮರ್ ಹಚ್ಚದೆ ಬಳಿದ ಬರೀ ಬಣ್ಣದ ವಾಸನೆ ಅದಕ್ಕೆ ಸಿಕ್ಕಿಬಿಟ್ಟಿತ್ತು.

ಅವಳು ಬ್ರಷ್ ಕೆಳಗಿಟ್ಟಳು. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ಫ್ಯಾಕ್ಟರಿ, ಮೈದಾನ, ಟ್ಯಾಂಕರ್, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು.

"ಅಂದ್ರೆ ಗುಂಡಿ ಹಾಕೋಳು ಗುಂಡಿಗೇ ಬಿದ್ಲು ಅನ್ನು," ಎಂದು ಮಾವ ನಕ್ಕರು. ಆಮೇಲೆ ಕುರ್ಚಿ ಹಾಕಿಸಿಕೊಂಡು ಕೂತರು. "ಇಡೀ ದಂಡಕ್ಕೇ ಹಚ್ಚಬೇಕು. ಆಗ ಕಣ್ಣಿಗೆ ಜೋಡಣೆ ಕಾಣಲ್ಲ. ಮೊದಲು ನೀರು ಮುಟ್ಟಿಸ್ಕೊಂಡು ಉಜ್ಜು. ಅಂಚು ಕೈಗೆ ಸಿಗಬಾರದು."

ಅವಳು ಉಜ್ಜಿದಳು. ಮಾವ ಆಗಾಗ ಬೆರಳಾಡಿಸಿ, "ಇಲ್ಲಿ ಇನ್ನೂ ಮೆಟ್ಟಿಲು ಇದೆ" ಎನ್ನುತ್ತಿದ್ದರು. ಅವಳು ಮತ್ತೆ ಉಜ್ಜುತ್ತಿದ್ದಳು. ಆಮೇಲೆ ಓಡಿಹೋಗಿ ಪ್ರೈಮರ್, ಥಿನ್ನರ್ ತಂದಳು. ಸೈಕಲ್ ಕಂಪನಿಯ ಹೆಸರಿನ ಮೇಲೆ ಟೇಪ್ ಅಂಟಿಸಿ, ಚಕ್ರಗಳಿಗೆ ಪೇಪರ್ ಸುತ್ತಿ ಪ್ರೈಮರ್ ಹಚ್ಚಿದಳು. ಅದು ಒಣಗುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಹಸಿರಿನ ಮೊದಲ ಕೋಟ್ ಬಳಿದು ಮುಗಿಸಿದ್ದಳಷ್ಟೆ, ಫೋನು ಹೊಡೆದುಕೊಂಡಿತು.

"ಕೆಲಸ ಬೇಗ ಮುಗೀತು. ಇವತ್ತೇ ಬರ್ತಾ ಇದ್ದೀನಿ. ಐದು ಗಂಟೆಗೆ ಮನೇಲಿರ್ತೀನಿ," ಎಂದ ಗಂಡ.

ಗಡಿಯಾರ ಮೂರೂಕಾಲು ತೋರಿಸುತ್ತಿತ್ತು. ಅವಳು ಟೇಬಲ್ ಫ್ಯಾನ್ ಎಳೆತಂದು ಸೈಕಲ್ಲಿನ ಎದುರು ಇಟ್ಟಳು.

"ಆರಿಸು ಅದನ್ನ! ಧೂಳೆಲ್ಲ ಬಂದು ಕೂರುತ್ತೆ!" ಎಂದು ಮಾವ ಗದರಿದರು. "ಅವಸರ ಮಾಡಿದ್ರೆ ಬಣ್ಣ ಮಾತು ಕೇಳಲ್ಲಮ್ಮ."

ನಾಲ್ಕಾಯಿತು. ದಂಡದ ಕೆಳಭಾಗದಲ್ಲಿ ಬೆರಳ ತುದಿ ತಾಕಿಸಿದಳು. ಅಂಟಿತು. ನಾಲ್ಕೂವರೆಗೆ ತಾಕಿಸಿದಾಗಲೂ ಅಂಟಿತು. ಅವಳ ಬಾಯಿ ಒಣಗಿತ್ತು, ಬಣ್ಣ ಮಾತ್ರ ಒಣಗಿರಲಿಲ್ಲ.

"ಒಂದು ಕೆಲಸ ಮಾಡೋಣ," ಎಂದರು ಮಾವ. "ನಾನೇ ತಡವರಿಸಿ ಬೀಳಿಸ್ದೆ ಅಂತ ಹೇಳ್ತೀನಿ. ಕಣ್ಣು ಕಾಣದ ಮುದುಕನ ಮೇಲೆ ಯಾರು ಸಿಟ್ಟು ಮಾಡ್ತಾರೆ?"

ಅವಳು ಬೇಡ ಎನ್ನಲಿಲ್ಲ. ಹೂಂ ಎಂದೂ ಅನ್ನಲಿಲ್ಲ. ಬಾವಿಗೆ ಬಿದ್ದವಳಿಗೆ ಯಾರೋ ಹಗ್ಗ ಬಿಟ್ಟಂತಾಗಿತ್ತು.

ಐದಕ್ಕೆ ಹತ್ತು ನಿಮಿಷವಿರುವಾಗ ಗೇಟು ಕಿರುಗುಟ್ಟಿತು. ಅವನು ಚೀಲ ಇಳಿಸಿದ. ಖಾಲಿ ಮೂಲೆ ನೋಡಿದ, ಮಡಿಸಿಟ್ಟ ಬೆಡ್‌ಶೀಟ್ ನೋಡಿದ. ವಾಸನೆ ಹಿಡಿದು ನೇರವಾಗಿ ಹಿತ್ತಲಿಗೆ ಬಂದು, ಸೈಕಲ್ಲಿನ ಮುಂದೆ ನಿಂತ.

"ಲೋ, ಅದು ನಾನು..." ಎಂದು ಮಾವ ಶುರುಮಾಡಿದರು.

"ಮಾವ, ಬೇಡ," ಎಂದಳು ಅವಳು. ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು. "ರೀ, ನಾನು ಬೀಳಿಸ್ದೆ. ನಿಮ್ಮನ್ನ ಕೇಳದೆ ತಗೊಂಡು ಹೋಗಿ ಕಲಿತೆ. ಸೋಮವಾರದಿಂದ ಬ್ರೆಡ್ ಫ್ಯಾಕ್ಟರಿಗೆ ಹೋಗ್ತೀನಿ. ಸೈಕಲ್ ಬೇಕು ನನಗೆ."

ಅವನು ದಂಡದ ಮೇಲೆ ಹೆಬ್ಬೆರಳು ಒತ್ತಿದ. ಹಸಿರಿನಲ್ಲಿ ಗುರುತು ಮೂಡಿತು. ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಒಳಗೆ ಹೋದ. ಮಾತಿಲ್ಲ.

ಭಾನುವಾರ ಇಡೀ ದಿನ ಮಾತಿಲ್ಲ. ತಟ್ಟೆ ಹಾಕಿದರೆ ಉಂಡ, ನೀರಿಟ್ಟರೆ ಕುಡಿದ. ಅವಳು ಯಾರ ಮುಖವನ್ನೂ ನೋಡದೆ ಸೈಕಲ್ಲಿಗೆ ಎರಡನೇ ಕೋಟ್ ಹಚ್ಚಿದಳು. ಬೆಳಿಗ್ಗೆ ಐದಕ್ಕೇ ಎದ್ದು ನಡೆದೇ ಹೋಗುವುದೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಐದೂವರೆ ಮೈಲಿ, ಕಡಿಮೆಯೆಂದರೂ ಎರಡು ಗಂಟೆ. ಕತ್ತಲಲ್ಲಿ ಅದಕ್ಕೂ ಮೊದಲು ಒಬ್ಬಳೇ ಹೊರಡುವಂತಿಲ್ಲ, ಹೊತ್ತಿಗೆ ಸರಿಯಾಗಿ ಮುಟ್ಟುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು.

ಸೋಮವಾರ ಎದ್ದಾಗ ಅವನ ಹಾಸಿಗೆ ಖಾಲಿ. ಹಿತ್ತಲಿನಿಂದ ಪಂಪ್ ಒತ್ತುವ ಸದ್ದು ಬರುತ್ತಿತ್ತು. ಹೋಗಿ ನೋಡಿದಳು. ಅವನು ಸ್ಪ್ಯಾನರ್ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದ.

"ಸೀಟು ನನ್ನ ಎತ್ತರಕ್ಕೇ ಇತ್ತು. ಕಾಲು ನೆಲಕ್ಕೆ ಎಟುಕದೆ ಬೀಳದೇ ಇರ್ತೀಯಾ?" ಎಂದ, ತಲೆ ಎತ್ತದೆ. "ನನ್ನ ಕೇಳಿದ್ರೆ ಆವತ್ತೇ ಇಳಿಸಿಕೊಡ್ತಿದ್ದೆ."

"ಕೇಳೋಕೆ ಭಯ ಆಯ್ತು ರೀ."

ಸ್ಪ್ಯಾನರ್ ತಿರುಗಿಸುತ್ತಿದ್ದ ಅವನ ಕೈ ನಿಂತಿತು. ಆ ಮಾತು ಅವನಿಗೆ ಎಲ್ಲಿ ತಾಕಿತೋ, ಎದ್ದು ಸೈಕಲ್ಲನ್ನು ಬೀದಿಗೆ ತಳ್ಳಿಕೊಂಡು ಬಂದು ಅವಳಿಗಾಗಿ ಹಿಡಿದು ನಿಂತ. "ಹತ್ತು," ಎಂದ.

ಬೀದಿಯಲ್ಲಿ ಆಗಷ್ಟೇ ಬೆಳಕು ಹರಿಯುತ್ತಿತ್ತು. ಅವಳು ಪೆಡಲ್ ಒತ್ತಿದಳು. ಸೈಕಲ್ ಎರಡು ಸಲ ವಾಲಾಡಿ ನೆಟ್ಟಗಾಯಿತು. ಅವನ ಚಪ್ಪಲಿಯ ಸದ್ದು ಹಿಂದೆಯೇ ಓಡಿಬಂತು. "ಮುಂದೆ ನೋಡು! ಎದುರಿಗೆ ಗಾಡಿ ಬಂದ್ರೆ ಬ್ರೇಕ್ ಹಿಡಿ, ಹ್ಯಾಂಡಲ್ ಎಳೀಬೇಡ!" ಎಂಬ ಕೂಗು ತಿರುವಿನ ತನಕ ಕೇಳಿಸಿತು. ತಿರುಗಿ ನೋಡಬೇಕೆಂದು ಅವಳಿಗೆ ಬಹಳ ಆಸೆಯಾಯಿತು. ಆದರೆ ಕತ್ತು ತಿರುಗಿಸಿದರೆ ಹ್ಯಾಂಡಲ್ಲೂ ತಿರುಗುತ್ತಿತ್ತು. ಅಷ್ಟರ ಮಟ್ಟಿಗೆ ಇನ್ನೂ ಕಲಿತಿರಲಿಲ್ಲ.